ಹದಿನೇಳು ಅಕ್ಷರದ ಜಾತಕ



ನಮ್ಮ ಪಕ್ಕದ ಮನೆಯ ರಾಯರು ಒಂದು ಬೆಳಿಗ್ಗೆ ಪೇಪರನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಗೇಟು ತೆರೆದರು. ಮಳೆ ಬಿಟ್ಟೂ ಬಿಡದ ಹಾಗೆ ಹೊಯ್ಯುತ್ತಿತ್ತು. ಕೊಡೆಯನ್ನು ಜಗಲಿಗೆ ಒರಗಿಸಿ, ಕೂತುಕೊಳ್ಳುವ ಮೊದಲೇ ಕೇಳಿದರು: "ಮಾಸ್ಟ್ರೆ, ನಮ್ಮ ಕಾರನ್ನು ಕಂಪನಿಯವರು ವಾಪಸ್ ತೆಕ್ಕೊಳ್ತಾರಂತೆ. ಒಂಬತ್ತು ವರ್ಷ ಓಡಿಸಿದ ಕಾರಿಗೆ ಎಷ್ಟು ಕೊಟ್ಟಾರು?"

ಪೇಪರಿನಲ್ಲಿ ಹೌದು, ಹಾಗೇ ಇತ್ತು. "ಸಾವಿರಾರು ಕಾರು ವಾಪಸ್" ಎಂದು ದಪ್ಪ ಅಕ್ಷರ. ರಾಯರ ಮುಖದಲ್ಲಿ ಲಾಟರಿ ಹೊಡೆದವರ ಕಳೆ. ಅದನ್ನು ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ವಾಪಸ್ ಎಂದರೆ ಕಾರು ತೆಗೆದುಕೊಂಡು ದುಡ್ಡು ಕೊಡುವುದಲ್ಲ ರಾಯರೆ, ತವರಿನವರು ಮಗಳನ್ನು ಕರೆಸಿ, ನಾಲ್ಕು ದಿನ ಕಷಾಯ ಕುಡಿಸಿ, ಗುಣಮಾಡಿ ಮತ್ತೆ ಗಂಡನ ಮನೆಗೆ ಕಳಿಸುತ್ತಾರಲ್ಲ, ಹಾಗೆ. ಔಷಧದ ಖರ್ಚು ತವರಿನದ್ದು. ರಾಯರು ನಿಟ್ಟುಸಿರು ಬಿಟ್ಟು ಕಾಫಿ ಕುಡಿದರು.

ತಪ್ಪು ರಾಯರದ್ದಲ್ಲ. ರಿಕಾಲ್ ಎನ್ನುವ ಮಾತಿಗೆ ನಮ್ಮಲ್ಲಿ ಇನ್ನೂ ಸರಿಯಾದ ಕನ್ನಡ ಕೂತಿಲ್ಲ. ಅದಕ್ಕಿಂತ ಹೆಚ್ಚಿನ ಗೊಂದಲ ಇನ್ನೊಂದುಂಟು. ಶೋರೂಮಿನವರು ಕೊಡುವ "ಫ್ರೀ ಸರ್ವಿಸ್" ಬೇರೆ. ಅದರಲ್ಲಿ ಮಜೂರಿ ಮಾತ್ರ ಫ್ರೀ, ಆಯಿಲಿಗೂ ಫಿಲ್ಟರಿಗೂ ನಾವೇ ಕೊಡಬೇಕು. ವಾರಂಟಿ ಬೇರೆ. ಅದಕ್ಕೆ ಇಂತಿಷ್ಟು ವರ್ಷ, ಇಂತಿಷ್ಟು ಕಿಲೋಮೀಟರ್ ಎಂಬ ಗಡಿ. ರಿಕಾಲ್ ಇವೆರಡೂ ಅಲ್ಲ. ಕಾರನ್ನು ಮಾಡುವಾಗಲೇ ಒಂದು ಭಾಗದಲ್ಲಿ ದೋಷ ಉಳಿದಿದೆ, ಅದರಿಂದ ಜೀವಕ್ಕೆ ಅಪಾಯವಾದೀತು ಎಂದು ಮಾಡಿದವರೇ ಒಪ್ಪಿ, ಆ ಭಾಗವನ್ನು ಬದಲಿಸಿ ಕೊಡುವುದು. ಪಾರ್ಟಿಗೂ ದುಡ್ಡಿಲ್ಲ, ಮಜೂರಿಗೂ ಇಲ್ಲ. ವಾರಂಟಿ ಮುಗಿದಿದೆಯೋ ಇಲ್ಲವೋ, ನೀವು ಮೊದಲ ಯಜಮಾನರೋ ಮೂರನೆಯವರೋ, ಅದನ್ನು ಯಾರೂ ಕೇಳುವ ಹಾಗಿಲ್ಲ.

ಇದನ್ನೆಲ್ಲ ನಾನು ಪುಸ್ತಕ ಓದಿ ಕಲಿತದ್ದಲ್ಲ. ಕದ್ರಿ ಗುಡ್ಡೆಯ ಈ ಆಕಾಶವಾಣಿ ನಿಲಯದಿಂದ ಕೆಳಗಿಳಿದರೆ ಸಿಗುತ್ತದಲ್ಲ, ನಂತೂರು ಸರ್ಕಲ್, ಅಲ್ಲಿ ನಿಂತು ಕಲಿತದ್ದು. ನಿವೃತ್ತಿಯ ದುಡ್ಡಿನಲ್ಲಿ ಬೆಂಗಳೂರಿನವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಿದ್ದೆ. ಕದ್ರಿ ಮಂಜುನಾಥನ ಎದುರು ನಿಲ್ಲಿಸಿ, ಬಾನೆಟ್ಟಿಗೆ ಕುಂಕುಮ ಹಚ್ಚಿಸಿ, ನಾಲ್ಕು ಚಕ್ರದ ಅಡಿಗೂ ನಿಂಬೆಹಣ್ಣು ಇಟ್ಟು ಮನೆಗೆ ತಂದದ್ದು. ಎರಡು ವರ್ಷ ತಕರಾರಿಲ್ಲ. ಮೂರನೆಯ ವರ್ಷ ಒಂದು ಸಂಜೆ ನಂತೂರಿನಲ್ಲಿ, ಬಿಕರ್ನಕಟ್ಟೆ ಕಡೆಯಿಂದ ಲಾರಿಗಳು ಇಳಿಯುವ ಹೊತ್ತಿನಲ್ಲೇ, ಕಾರು ಕೆಮ್ಮಿತು. ಮತ್ತೆ ಸುಮ್ಮನಾಯಿತು. ಹಿಂದೆ ಒಂದು ಸಿಟಿ ಬಸ್ಸು, ಎಡಕ್ಕೆ ಗ್ಯಾಸ್ ಟ್ಯಾಂಕರು. ಚಾವಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತುತ್ತವೆ, ಇಂಜಿನು ಮಾತ್ರ ಇಲ್ಲ. ಬಸ್ಸಿನ ಕಂಡಕ್ಟರು ಇಳಿದು ಬಂದು, ಇನ್ನಿಬ್ಬರನ್ನು ಕರೆದು, ದೂಡಿ ಬದಿಗೆ ಹಾಕಿದ. ಹತ್ತು ನಿಮಿಷ ಬಿಟ್ಟು ತಾನಾಗಿಯೇ ಸ್ಟಾರ್ಟ್ ಆಯಿತು.

ನಮ್ಮ ಗ್ಯಾರೇಜಿನವನು ಒಳ್ಳೆಯ ಕೈಯವನು. "ಪೆಟ್ರೋಲಿನಲ್ಲಿ ನೀರುಂಟು ಮಾಸ್ಟ್ರೆ" ಎಂದು ಟ್ಯಾಂಕು ಖಾಲಿ ಮಾಡಿ ತೊಳೆದ. ಇನ್ನೊಮ್ಮೆ ನಿಂತಿತು. ಪ್ಲಗ್ ಬದಲಿಸಿದ. ಮತ್ತೂ ನಿಂತಿತು. ಬ್ಯಾಟರಿಯ ಮೇಲೆ ಅನುಮಾನ ಹೋಯಿತು. ಇಷ್ಟರಲ್ಲಿ ನನ್ನ ಕೈಯಿಂದ ಐದು ಸಾವಿರದ ಹತ್ತಿರ ಹೋಗಿತ್ತು. ಮನೆಯವರು ದೃಷ್ಟಿ ತೆಗೆಸುವ ಮಾತಾಡುತ್ತಿದ್ದರು.

ಆಗ ಬೆಂಗಳೂರಿನಿಂದ ಫೋನು. ಕಾರು ಮಾರಿದ ಮನುಷ್ಯ. "ಸಾರ್, ಗಾಡಿ ಬಗ್ಗೆ ಕಂಪನಿಯಿಂದ ಒಂದು ಲೆಟರ್ ಬಂದಿತ್ತು. ಟಿವಿ ಸ್ಟ್ಯಾಂಡಿನ ಡ್ರಾಯರಲ್ಲಿ ಇಟ್ಟು ಮರೆತೇಬಿಟ್ಟಿದ್ದೆ. ಈಗ ಮನೆ ಖಾಲಿ ಮಾಡ್ತಾ ಸಿಕ್ತು." ಎಂಟು ತಿಂಗಳು ಆ ಪತ್ರ ಡ್ರಾಯರಿನಲ್ಲಿತ್ತು. ನಾನು ನಂತೂರಿನಲ್ಲಿದ್ದೆ.

ಪತ್ರದಲ್ಲಿದ್ದದ್ದು ಫ್ಯೂಯಲ್ ಪಂಪಿನ ವಿಷಯ. ಪೆಟ್ರೋಲ್ ಟ್ಯಾಂಕಿನೊಳಗೆ ಮುಳುಗಿ ಕೂತಿರುವ ಈ ಪಂಪಿನೊಳಗೆ ಪ್ಲಾಸ್ಟಿಕ್ಕಿನ ಪುಟ್ಟ ಗಾಲಿಯೊಂದು ತಿರುಗುತ್ತದೆ, ಇಂಪೆಲ್ಲರ್ ಎನ್ನುತ್ತಾರೆ. ಅದನ್ನು ಅಚ್ಚು ಹಾಕುವಾಗ ಪ್ಲಾಸ್ಟಿಕ್ಕು ಸಾಕಷ್ಟು ಗಟ್ಟಿಯಾಗಿ ಕೂರದಿದ್ದರೆ ಅದು ಮೆಲ್ಲನೆ ಪೆಟ್ರೋಲ್ ಹೀರಿ ಉಬ್ಬುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತದಲ್ಲ, ಹಾಗೆಯೇ ಗಾಲಿ ಪಂಪಿನ ಗೋಡೆಗೆ ಉಜ್ಜಿ ನಿಂತುಬಿಡುತ್ತದೆ. ನನ್ನ ಕಾರು ಯಾವ ಕಂಪನಿಯದ್ದೆಂದು ಊಹಿಸಲು ಹೋಗಬೇಡಿ, ಇದು ಹಲವರ ಮನೆಯ ದೋಸೆ. ಫ್ಯೂಯಲ್ ಪಂಪಿನ ತೊಂದರೆಗಾಗಿ ಮಾರುತಿಯವರು 2020ರ ಜುಲೈಯಲ್ಲಿ 1,34,885 ವ್ಯಾಗನ್‌ಆರ್ ಮತ್ತು ಬಲೆನೊ ಕಾರುಗಳನ್ನು ಕರೆದರು. ಹೋಂಡಾದವರು 2021ರ ಏಪ್ರಿಲಿನಲ್ಲಿ 77,954 ಕಾರು ಕರೆದು, 2024ರ ಅಕ್ಟೋಬರಿನಲ್ಲಿ ಮತ್ತೆ 90,468 ಕರೆದರು.

ಈ ಲೆಕ್ಕ ಕೇಳಿ "ಅಯ್ಯೋ, ಎಂಥ ಕಾರು ಮಾಡ್ತಾರೆ ಇವರು" ಎನ್ನುವವರುಂಟು. ನನಗೆ ಹಾಗನ್ನಿಸುವುದಿಲ್ಲ. ಕರೆದವನಿಗಿಂತ ಗೊತ್ತಿದ್ದೂ ಕರೆಯದೆ ಕೂತವನ ಬಗ್ಗೆ ನನಗೆ ಭಯ. ನಮ್ಮ ದೇಶದಲ್ಲಿ ಬಹುಕಾಲ ಕರೆಯುವ ಪದ್ಧತಿಯೇ ಇರಲಿಲ್ಲ. 2010ರಲ್ಲಿ ನ್ಯಾನೋ ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿ ಬಂದಾಗ ಟಾಟಾದವರು ಹೆಚ್ಚುವರಿ ರಕ್ಷಣೆಯ ಭಾಗಗಳನ್ನು ಪುಕ್ಕಟೆ ಹಾಕಿಕೊಟ್ಟರು, ಆದರೆ ಅದನ್ನು ರಿಕಾಲ್ ಎಂದು ಕರೆಯಲಿಲ್ಲ. ವಾಹನ ತಯಾರಕರ ಸಂಘ ಸಿಯಾಮ್ ತಾನಾಗಿ ಒಂದು ನಿಯಮಾವಳಿ ಮಾಡಿಕೊಂಡದ್ದು 2012ರ ಜುಲೈಯಲ್ಲಿ. ಅಮೆರಿಕದಲ್ಲಿ ಇದಕ್ಕೆ ಕಾನೂನು ಬಂದದ್ದು 1966ರಲ್ಲಿ. ನಮ್ಮಲ್ಲಿ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಎಂಬ ಕಲಮು ಸೇರಿದ ಮೇಲೆ, "ಈ ಮಾದರಿಯ ಕಾರುಗಳನ್ನೆಲ್ಲ ಕರೆಯಿರಿ" ಎಂದು ಕೇಂದ್ರ ಸರಕಾರವೇ ಆಜ್ಞೆ ಮಾಡುವ ಅಧಿಕಾರ ಬಂತು.

ಆದರೆ ಪತ್ರ ಯಾರ ಮನೆಗೆ ಹೋಗುತ್ತದೆ? ಪ್ರಶ್ನೆ ಇರುವುದು ಅಲ್ಲಿ.

ಪತ್ರ ಹೋಗುವುದು ಕಂಪನಿಯ ಪುಸ್ತಕದಲ್ಲಿರುವ ವಿಳಾಸಕ್ಕೆ, ಸಾಮಾನ್ಯವಾಗಿ ಮೊದಲು ಕೊಂಡವನಿಗೆ. ನಮ್ಮ ಊರಿನ ಕಾರುಗಳ ಕಥೆ ಯೋಚಿಸಿ ನೋಡಿ. ಮಗ ದುಬೈಯಲ್ಲಿ, ಕಾರು ಅವನ ಹೆಸರಿನಲ್ಲಿ, ಶೋರೂಮಿನಲ್ಲಿ ಬರೆಸಿದ್ದು ರಜೆಯಲ್ಲಿ ಬಂದಾಗ ಹಾಕಿಕೊಂಡ ಸಿಮ್ಮಿನ ನಂಬರು. ಅವನು ವಿಮಾನ ಹತ್ತಿದ ಮೇಲೆ ಆ ಸಿಮ್ಮು ಎಲ್ಲೋ, ಮನೆಯ ಪೋರ್ಟಿಕೋದಲ್ಲಿ ಕಾರು ಹಸಿರು ಹೊದಿಕೆ ಹೊದ್ದು ವರ್ಷದಲ್ಲಿ ಹನ್ನೊಂದು ತಿಂಗಳು ಮಲಗಿರುತ್ತದೆ. ಕಾಸರಗೋಡಿನ ಕೆಎಲ್ 14 ಬೋರ್ಡಿನ ಕಾರು ಇಲ್ಲಿಗೆ ಬಂದು ಕೆಎ 19 ಆಗುತ್ತದೆ, ಪುತ್ತೂರಿಗೆ ಹೋದರೆ ಕೆಎ 21. ಆರ್‌ಟಿಒ ಪುಸ್ತಕದಲ್ಲಿ ಯಜಮಾನನ ಹೆಸರು ಬದಲಾಗುತ್ತದೆ, ಕಂಪನಿಯ ಪುಸ್ತಕದಲ್ಲಿ ಹಳಬನೇ ಉಳಿದಿರುತ್ತಾನೆ.

ಇನ್ನೊಂದು ಸೂಕ್ಷ್ಮವುಂಟು. ನೀವು ಶೋರೂಮಿಗೇ ಸರ್ವಿಸಿಗೆ ಬಿಡುವವರಾದರೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ಕಾರಿನ ಎದುರು ರಿಕಾಲ್ ಬಾಕಿ ಇದೆಯೆಂದು ತೋರಿಸುತ್ತದೆ, ಆಯಿಲ್ ಬದಲಿಸುವಾಗಲೇ ಅದನ್ನೂ ಮುಗಿಸುತ್ತಾರೆ. ಎಷ್ಟೋ ಸಲ ನಮಗೆ ಗೊತ್ತೇ ಆಗುವುದಿಲ್ಲ, ಬಿಲ್ಲಿನ ಕೊನೆಯಲ್ಲಿ ಸೊನ್ನೆ ರೂಪಾಯಿಯ ಒಂದು ಸಾಲು ಇರುತ್ತದೆ, ಅಷ್ಟೆ. ನಾವೋ, ಮೂರನೆಯ ಫ್ರೀ ಸರ್ವಿಸ್ ಮುಗಿದ ಮಾರನೆಯ ದಿನವೇ ಮನೆಹತ್ತಿರದ ಗ್ಯಾರೇಜು ಹಿಡಿಯುವವರು. ಅದು ತಪ್ಪೆಂದು ನಾನು ಹೇಳುವುದಿಲ್ಲ, ನಾನೂ ಹಿಡಿದವನೇ. ಗ್ಯಾರೇಜಿನ ಹುಡುಗ ಕಾರಿನ ಸದ್ದು ಕೇಳಿ ರೋಗ ಹೇಳಿಯಾನು, ಆದರೆ ಕಂಪನಿಯ ಕಂಪ್ಯೂಟರು ಅವನ ಕೈಯಲ್ಲಿಲ್ಲ.

ಫ್ಯೂಯಲ್ ಪಂಪು ಕೆಟ್ಟರೆ ಕಾರು ನಿಲ್ಲುತ್ತದೆ, ನಿಂತದ್ದು ಗೊತ್ತಾಗುತ್ತದೆ. ಸದ್ದಿಲ್ಲದೆ ಕಾಯುವ ದೋಷಗಳ ಕಥೆ ಬೇರೆ. ಅದರಲ್ಲಿ ಕರಾವಳಿಯವರಾದ ನಾವು ಕಿವಿಕೊಟ್ಟು ಕೇಳಬೇಕಾದದ್ದು ಏರ್‌ಬ್ಯಾಗಿನದ್ದು. ಸ್ಟಿಯರಿಂಗಿನ ನಡುವೆ ಮಡಚಿಟ್ಟ ಚೀಲ, ಅದರ ಹಿಂದೆ ಒಂದು ಉಕ್ಕಿನ ಡಬ್ಬಿ, ಡಬ್ಬಿಯೊಳಗೆ ರಾಸಾಯನಿಕದ ಬಿಲ್ಲೆಗಳು. ಡಿಕ್ಕಿಯಾದ ಕ್ಷಣ ಬಿಲ್ಲೆ ಉರಿದು ಅನಿಲವಾಗಿ ಚೀಲ ಉಬ್ಬಬೇಕು. ಜಪಾನಿನ ತಕಾಟ ಕಂಪನಿ ಆ ಬಿಲ್ಲೆಗೆ ಅಮೋನಿಯಂ ನೈಟ್ರೇಟ್ ಬಳಸಿತು. ಅಗ್ಗದ ವಸ್ತು, ಆದರೆ ತೇವ ಹೀರುವಂಥದ್ದು. ಆಟಿ ತಿಂಗಳಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡಿದ್ದೀರಲ್ಲ? ಅದೇ ತೇವ, ಮತ್ತೆ ಮಾರ್ಚ್ ತಿಂಗಳ ಬಿಸಿಲು, ಮತ್ತೆ ತೇವ, ಹೀಗೆ ವರ್ಷಗಟ್ಟಲೆ ಆದಾಗ ಬಿಲ್ಲೆಯ ಹದ ಕೆಡುತ್ತದೆ. ಹದ ಕೆಟ್ಟ ಬಿಲ್ಲೆ ಉರಿಯಬೇಕಾದದ್ದಕ್ಕಿಂತ ಬೇಗ ಉರಿಯುತ್ತದೆ. ಡಬ್ಬಿ ತಾಳದೆ ಸಿಡಿದು, ಉಕ್ಕಿನ ಚೂರುಗಳು ಚೀಲವನ್ನು ಹರಿದುಕೊಂಡು ಎದುರು ಕೂತವರ ಕುತ್ತಿಗೆಗೂ ಮುಖಕ್ಕೂ ಬರುತ್ತವೆ. ಕಾಯಬೇಕಾದ ವಸ್ತುವೇ ಕೊಲ್ಲುತ್ತದೆ.

ಅಮೆರಿಕದಲ್ಲಿ ಹೀಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಮಲೇಷ್ಯದಲ್ಲಿ 2014ರಲ್ಲಿ ಗರ್ಭಿಣಿಯೊಬ್ಬಳು ಸತ್ತಳು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ದೇಶದ ನಕ್ಷೆಯನ್ನು ಹವೆಯ ಪ್ರಕಾರ ಭಾಗಮಾಡಿ, ಸೆಕೆಯೂ ತೇವವೂ ಇರುವ ಫ್ಲೋರಿಡಾ, ಟೆಕ್ಸಸ್, ಹವಾಯಿಯಂಥ ಕಡೆಗೆ ಮೊದಲ ಸರದಿ ಕೊಟ್ಟಿತು. ಆ ನಕ್ಷೆಯ ಬಣ್ಣವನ್ನು ಇಲ್ಲಿ ಬಳಿದರೆ ಮಂಗಳೂರು ಎಲ್ಲಿ ಬೀಳುತ್ತದೆಂದು ನಾನು ಹೇಳಬೇಕಾಗಿಲ್ಲ. ತಕಾಟ 2017ರಲ್ಲಿ ದಿವಾಳಿಯಾಯಿತು. ಆದರೆ ಅದರ ಡಬ್ಬಿಗಳು ಹತ್ತಾರು ಕಂಪನಿಗಳ ಕಾರುಗಳಲ್ಲಿ ಊರೂರು ಸೇರಿದ್ದವು. ಭಾರತದಲ್ಲಿ ಹೋಂಡಾ 2016ರ ಜುಲೈಯಲ್ಲಿ 1,90,578 ಕಾರು, 2017ರ ಜನವರಿಯಲ್ಲಿ 41,580, 2018ರ ಜನವರಿಯಲ್ಲಿ 22,834 ಕಾರುಗಳನ್ನು ಇದಕ್ಕಾಗಿಯೇ ಕರೆಯಿತು. ಅಕಾರ್ಡ್, ಸಿವಿಕ್, ಸಿಟಿ, ಜಾಜ್. ಈ ಹೆಸರುಗಳನ್ನು ಇಂದೂ ಸೆಕೆಂಡ್ ಹ್ಯಾಂಡ್ ಮಾರುವವರ ಅಂಗಳದಲ್ಲಿ, ಹೊಸ ಪಾಲಿಶ್ ಹೊಡೆಸಿಕೊಂಡು ನಿಂತದ್ದನ್ನು ಕಾಣಬಹುದು. ಅವುಗಳಲ್ಲಿ ಯಾವುದು ಶೋರೂಮಿಗೆ ಹೋಗಿ ಡಬ್ಬಿ ಬದಲಿಸಿಕೊಂಡು ಬಂದದ್ದು, ಯಾವುದು ಹೋಗದ್ದು? ಪಾಲಿಶ್ ನೋಡಿ ಹೇಳಲಾಗದು.

ಇಲ್ಲಿ ನನಗೆ ನಮ್ಮ ಕಾನೂನಿನ ಬಗ್ಗೆ ಒಂದು ತಕರಾರಿದೆ. 2021ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ನಿಯಮದಂತೆ, ಸರಕಾರ ಕಡ್ಡಾಯವಾಗಿ ಕರೆಸಬಹುದಾದದ್ದು ತಯಾರಾಗಿ ಏಳು ವರ್ಷದೊಳಗಿನ ಗಾಡಿಗಳನ್ನು ಮಾತ್ರ. ಏಳು ವರ್ಷ! ನಮ್ಮಲ್ಲಿ ಏಳು ವರ್ಷದ ಕಾರೆಂದರೆ ಎರಡನೆಯ ಯಜಮಾನನ ಕೈಯಲ್ಲಿ ಹೊಸದಾಗಿ ಸಂಸಾರ ಹೂಡಿದ ಕಾರು. ತಕಾಟದ ಬಿಲ್ಲೆಯಂಥ ದೋಷವೋ, ವಯಸ್ಸಾದ ಹಾಗೆ ಬಲಿಯುವಂಥದ್ದು. ಹಳೆಯ ಕಾರನ್ನು ಕಂಪನಿಯವರು ತಾವಾಗಿ ಕರೆದರೆ ಉಂಟು. ಕರೆದದ್ದೂ ಉಂಟೆನ್ನಿ. ನಮ್ಮ ಬಿಡದಿಯ ಟೊಯೋಟಾದವರು 2014ರಲ್ಲಿ, ಸ್ಟಿಯರಿಂಗಿನೊಳಗಿನ ಸುರುಳಿ ಕೇಬಲ್ ಸವೆದರೆ ಏರ್‌ಬ್ಯಾಗಿನ ಸಂಪರ್ಕ ತಪ್ಪೀತೆಂದು, 2005ರಿಂದ 2008ರ ನಡುವಿನ ಸುಮಾರು 45 ಸಾವಿರ ಇನ್ನೋವಾಗಳನ್ನು ಕರೆದಿದ್ದರು. ಅದು ಅವರ ಒಳ್ಳೆಯತನ. ಕಾನೂನು ಒಳ್ಳೆಯತನವನ್ನು ನಂಬಿ ಕೂರಬಾರದು.

ಅದೇ ನಿಯಮದಲ್ಲಿ ದೂರಿನ ಲೆಕ್ಕವೂ ಇದೆ. ವರ್ಷಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು ಮಾರಾಟವಾಗುವ ಕಾರಿನ ಬಗ್ಗೆ 1,250 ದೂರು ಬಂದರೆ ಕಡ್ಡಾಯ ರಿಕಾಲಿನ ದಾರಿ ತೆರೆಯುತ್ತದೆ, ದಂಡ ಹತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿಯವರೆಗೆ. ದೂರನ್ನು ಸರಕಾರದ ವಾಹನ್ ಪೋರ್ಟಲಿನಲ್ಲಿ ದಾಖಲಿಸಬೇಕು. ನಾವು ದೂರುವುದು ಎಲ್ಲಿ? ಮಲ್ಲಿಕಟ್ಟೆಯ ಹೋಟೆಲಿನಲ್ಲಿ, ಗೋಳಿಬಜೆ ತಿನ್ನುತ್ತಾ. ಅಲ್ಲಿ ಹೇಳಿದ್ದು 1,250ರಲ್ಲಿ ಒಂದೂ ಆಗುವುದಿಲ್ಲ. ನಾನು ನಂತೂರಿನಲ್ಲಿ ಮೂರು ಸಲ ನಿಂತೆನಲ್ಲ, ಒಂದು ಸಲವೂ ಬರೆಯಲಿಲ್ಲ. ಬರೆಯಬಹುದೆಂದೇ ಗೊತ್ತಿರಲಿಲ್ಲ.

ರಿಕಾಲ್ ಪ್ರಕಟಣೆಯನ್ನು ಪೂರ್ತಿ ಓದುವುದು ಒಳ್ಳೆಯದು, ಕೆಲವೊಮ್ಮೆ ಮುಖ್ಯ ಮಾತು ಕೊನೆಯ ಸಾಲಿನಲ್ಲಿರುತ್ತದೆ. 2021ರಲ್ಲಿ ಚೌತಿಯ ಹಿಂದಿನ ವಾರ ಮಾರುತಿ 1,81,754 ಪೆಟ್ರೋಲ್ ಕಾರುಗಳನ್ನು, ಸಿಯಾಜ್, ಎರ್ಟಿಗಾ, ವಿಟಾರಾ ಬ್ರೆಝಾ ಮೊದಲಾದವನ್ನು, ಮೋಟಾರ್ ಜನರೇಟರ್ ಎಂಬ ಭಾಗಕ್ಕಾಗಿ ಕರೆಯಿತು. ಭಾಗ ಬದಲಿಸುವ ಕೆಲಸ ನವೆಂಬರಿನಿಂದ. ಅಲ್ಲಿಯವರೆಗೆ ನೀರು ನಿಂತ ರಸ್ತೆಯಲ್ಲಿ ಕಾರು ಓಡಿಸಬೇಡಿ, ವಿದ್ಯುತ್ ಭಾಗಗಳಿಗೆ ನೀರು ಚಿಮ್ಮಿಸಬೇಡಿ ಎಂಬ ಸಲಹೆ. ಸೆಪ್ಟೆಂಬರಿನ ಮಂಗಳೂರಿನಲ್ಲಿ, ಕೊಟ್ಟಾರಚೌಕಿ ದಾಟಿ, ಪಡೀಲಿನ ರೈಲ್ವೆ ಸೇತುವೆಯಡಿ ನುಗ್ಗಿ ಕೆಲಸಕ್ಕೆ ಹೋಗುವವನು ಅದನ್ನು ಹೇಗೆ ಪಾಲಿಸಿದನೋ! ಇನ್ನು 2023ರ ಜುಲೈಯಲ್ಲಿ ಎಸ್-ಪ್ರೆಸ್ಸೊ ಮತ್ತು ಈಕೋ ಸೇರಿ 87,599 ಗಾಡಿಗಳನ್ನು ಕರೆದದ್ದು ಸ್ಟಿಯರಿಂಗಿನ ಟೈ ರಾಡ್‌ಗಾಗಿ. ನೀವು ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಸರಳು ಅದು. ಈಕೋ ಎಂದರೆ ಅಂಗಡಿಯ ಸಾಮಾನು ಸಾಗಿಸುವ ಗಾಡಿ, ಮಕ್ಕಳನ್ನು ಶಾಲೆಗೆ ಬಿಡುವ ಗಾಡಿ, ಮದುವೆಗೆ ಒಂಬತ್ತು ಜನ ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತುವ ಗಾಡಿ. ಆ ಸರಳು ಮುರಿಯಬಹುದಾದ ಜಾಗದ ಬಗ್ಗೆ ಯೋಚಿಸಿದರೆ ಸಾಕು, ಪತ್ರಕ್ಕೆ ಕಾಯುವ ಮನಸ್ಸಾಗದು.

ನನ್ನ ಕಾರಿಗೆ ಬರುತ್ತೇನೆ. ಪತ್ರದ ಫೋಟೋ ಹಿಡಿದುಕೊಂಡು ಶೋರೂಮಿಗೆ ಹೋದೆ. ಕೌಂಟರಿನ ಹುಡುಗ ವಿನಯದಿಂದ, "ಬಂದದ್ದು ಹೇಗೂ ಬಂದಿದ್ದೀರಿ ಸರ್, ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ, ಇಲ್ಲಿ ಉಪ್ಪುಗಾಳಿಗೆ ತುಕ್ಕು ಜಾಸ್ತಿ" ಎಂದ. ತುಕ್ಕಿನ ಮಾತು ನಿಜವೇ. ಆದರೆ ನಾನು ಬಂದದ್ದು ಬೇರೆ ಕೆಲಸಕ್ಕೆ. ಜಾಬ್ ಕಾರ್ಡಿನಲ್ಲಿ "ಜನರಲ್ ಚೆಕಪ್" ಎಂದು ಬರೆದಿದ್ದ. ಮಾಸ್ಟ್ರ ಹಳೆಯ ಚಾಳಿ, ತಿದ್ದಿಸಿದೆ. "ರಿಕಾಲ್, ಫ್ಯೂಯಲ್ ಪಂಪ್" ಎಂದು ಬರೆಸಿ, ಹೊರಡುವಾಗ ಸೊನ್ನೆ ರೂಪಾಯಿಯ ಬಿಲ್ಲನ್ನೂ ಕೇಳಿ ತೆಗೆದುಕೊಂಡೆ. ನಾಳೆ ಕಾರು ಮಾರುವಾಗ ಆ ಬಿಲ್ಲು ಪಾಲಿಶಿಗಿಂತ ಹೆಚ್ಚು ಬೆಲೆಬಾಳುತ್ತದೆ. ಒಟ್ಟು ಕೆಲಸ ಎರಡು ಗಂಟೆಯದ್ದು. ಒಂದು ವೇಳೆ ಅವರು ದುಡ್ಡು ಕೇಳಿದರೆ, ಅಥವಾ ಪಾರ್ಟು ಬಂದಿಲ್ಲವೆಂದು ತಿಂಗಳುಗಟ್ಟಲೆ ಅಲೆದಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಅದೂ ಸಾಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ, ಐದು ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ.

ಪತ್ರವೇ ಬರದವರು ಏನು ಮಾಡಬೇಕು? ಅದಕ್ಕೇ ಕಾರಿಗೊಂದು ಜಾತಕವಿರುವುದು. ಚಾಸಿಸ್ ನಂಬರು, ಅಕ್ಷರವೂ ಅಂಕಿಯೂ ಸೇರಿ ಹದಿನೇಳು. ಆರ್‌ಸಿಯಲ್ಲಿ ಅಚ್ಚಾಗಿರುತ್ತದೆ, ಕಾರಿನ ಮೈಮೇಲೂ ಕೆತ್ತಿರುತ್ತದೆ. ಕೆಲವು ಕಾರಿನಲ್ಲಿ ಬಾನೆಟ್ ಎತ್ತಿದರೆ ಎದುರಿಗೇ ಕಾಣುತ್ತದೆ, ಕೆಲವುದರಲ್ಲಿ ಮುಂದಿನ ಸೀಟಿನ ಬುಡದ ಕಾರ್ಪೆಟ್ಟಿನಲ್ಲಿ ಕೊಯ್ದಿಟ್ಟ ಪುಟ್ಟ ಮುಚ್ಚಳವೆತ್ತಿ ಟಾರ್ಚು ಬಿಡಬೇಕು. ಹೆಸರು ವರ್ಗಾವಣೆಯ ಹೊತ್ತಿಗೆ ಆರ್‌ಟಿಒ ಕೆಲಸ ಮಾಡಿಸಿಕೊಡುವವರು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರಲ್ಲ, ಅದೇ. ಕಂಪನಿಯ ವೆಬ್‌ಸೈಟಿನಲ್ಲಿ ಈ ಹದಿನೇಳನ್ನು ಹಾಕಿದರೆ ನಿಮ್ಮ ಕಾರಿಗೆ ಬಾಕಿ ಇದೆಯೇ ಇಲ್ಲವೇ ತಿಳಿಯುತ್ತದೆ, ಶೋರೂಮಿಗೆ ಫೋನು ಮಾಡಿ ಓದಿ ಹೇಳಿದರೂ ಸರಿ. ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಅದರಲ್ಲಿ ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗಲಿಬಿಲಿಯಾಗದಿರಲೆಂದು. ಓದುವಾಗ "ಓ" ಎಂದು ಕಂಡದ್ದು ಸೊನ್ನೆಯೇ.

ಇದಿಷ್ಟನ್ನೂ ಅಂದು ಜಗಲಿಯಲ್ಲಿ ರಾಯರಿಗೆ ಹೇಳಿದ್ದೆ. ಪೇಪರಿನಲ್ಲಿ ಬಂದ ರಿಕಾಲ್ ಅವರ ಕಾರಿನದ್ದಾಗಿರಲಿಲ್ಲ, ಅದು ಇಂಥ ತಾರೀಖಿನಿಂದ ಇಂಥ ತಾರೀಖಿನೊಳಗೆ ತಯಾರಾದ ಹೊಸ ಗಾಡಿಗಳಿಗೆ. ಆದರೆ ಒಂಬತ್ತು ವರ್ಷದಲ್ಲಿ ಹಳೆಯದೊಂದು ಬಾಕಿ ಉಳಿದಿರಬಾರದೆಂದೇನೂ ಇಲ್ಲವಲ್ಲ.

ಸಂಜೆ ಮತ್ತೆ ಬಂದರು. ಕದ್ರಿ ದೇವಸ್ಥಾನದ ಸೇವಾ ರಶೀದಿಯ ಬೆನ್ನಿನ ಮೇಲೆ ನಂಬರು ಬರೆದು ತಂದಿದ್ದರು. "ಮೊದಲ ಅಕ್ಷರ ಎಂ ಉಂಟು ಮಾಸ್ಟ್ರೆ. ಎಂ ಅಂದರೆ ಮಂಗಳೂರಾ?" ಅಲ್ಲ, ಇಂಡಿಯಾದಲ್ಲಿ ತಯಾರಾದ ಕಾರಿಗೆ ಎಂ, ಮುಂದಿನ ಅಕ್ಷರಗಳು ಕಂಪನಿಯದ್ದು, ಮಾರುತಿಯಾದರೆ ಎಂಎ3, ಬಿಡದಿಯ ಟೊಯೋಟಾ ಆದರೆ ಎಂಬಿಜೆ ಎಂದೆ. ಫೋನಿನಲ್ಲಿ ಶೋರೂಮಿನ ಹುಡುಗಿ ಸಿಕ್ಕಿದಳು. "ಎಂ, ಮಂಗಳೂರಿನ ಎಂ" ಎಂದು ಶುರುಮಾಡಿ ರಾಯರು ಒಂದೊಂದಾಗಿ ಓದಿದರು. ಬಿ ಬಂದಾಗ ಬಂಟ್ವಾಳ, ಕೆ ಬಂದಾಗ ಕದ್ರಿ. ಓದಿ ಮುಗಿಸಿ ಹಣೆಯ ಬೆವರು ಒರೆಸಿಕೊಂಡರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಸರ್, ಇದರಲ್ಲಿ ಹದಿನಾರೇ ಇದೆ."

ರಾಯರು ಟಾರ್ಚು ಕೇಳಿ ತೆಗೆದುಕೊಂಡು, ಮಳೆಯಲ್ಲೇ ಕಾರಿನ ಕಡೆಗೆ ಹೋದರು.